ಮನೆಯೊಳಗಿನ ಗಿಡಕ್ಕೆ ಮಣ್ಣಿಲ್ಲದ ಮಾಧ್ಯಮ: ಆಯ್ಕೆಯಿಂದ ಮರುಬಳಕೆಯವರೆಗೆ

ಗ್ರೋ ಲೈಟ್‌ನ ಕೆಳಗೋ ಗಾಜು ಮುಚ್ಚಿದ ಬಾಲ್ಕನಿಯಲ್ಲೋ ಬೆಳೆಸಿದ ಗಿಡ ಸೊರಗಿದರೆ ಹೆಚ್ಚಿನವರು ಮೊದಲು ಗೊಬ್ಬರವನ್ನು ಅನುಮಾನಿಸುತ್ತಾರೆ, ಆಮೇಲೆ ಬೆಳಕನ್ನು. ಕುಂಡವನ್ನು ಬೋರಲು ಹಾಕಿ ಬೇರು ನೋಡುವವರು ಕಡಿಮೆ. ಹಾಗೆ ನೋಡಿದಾಗ ಕಾಣುವುದು ಸಾಮಾನ್ಯವಾಗಿ ಇದು: ತಳದ ಎರಡು ಮೂರು ಅಂಗುಲದಷ್ಟು ಮಾಧ್ಯಮ, ಅಂದರೆ ಮಣ್ಣಿನ ಬದಲು ಕುಂಡಕ್ಕೆ ತುಂಬಿದ ಕೋಕೋಪೀಟ್‌ನಂಥ ವಸ್ತು, ಕೆಸರಿನಂತೆ ತೊಯ್ದಿರುತ್ತದೆ, ಬಿಳಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೆಲ್ಲನೆ ಎಳೆದರೆ ಹೊರಸಿಪ್ಪೆ ಕಳಚಿ ನೂಲಿನಂಥ ನಡುಭಾಗ ಮಾತ್ರ ಕೈಗೆ ಬರುತ್ತದೆ. ಆ ಗಿಡಕ್ಕೆ ಕೊರತೆಯಾಗಿದ್ದದ್ದು ಗೊಬ್ಬರವಲ್ಲ, ಗಾಳಿ.

ಬೇರು ಉಸಿರಾಡುತ್ತದೆ. ಅದಕ್ಕೆ ಬೇಕಾದ ಆಮ್ಲಜನಕವು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಮಾಧ್ಯಮದ ರಂಧ್ರಗಳೆಲ್ಲ ನೀರಿನಿಂದ ತುಂಬಿ ಹಾಗೆಯೇ ನಿಂತರೆ ಬೇರು ಉಸಿರುಗಟ್ಟುತ್ತದೆ, ಅದರ ಹಿಂದೆಯೇ ಪಿಥಿಯಮ್‌ನಂಥ ಕೊಳೆರೋಗಾಣುಗಳು ಬರುತ್ತವೆ. ತಾರಸಿಯ ಮೇಲೆ ಬಿಸಿಲು ಮತ್ತು ಗಾಳಿ ಸೇರಿ ಕುಂಡವನ್ನು ಒಂದೇ ದಿನದಲ್ಲಿ ಒಣಗಿಸಬಲ್ಲವು. ಮನೆಯೊಳಗೆ ಅದೇ ಕುಂಡ ಒಣಗಲು ಮೂರು ನಾಲ್ಕು ದಿನ ಹಿಡಿಯುತ್ತದೆ. ಆದ್ದರಿಂದ ತಾರಸಿ ತೋಟದವರು ಕೊಡುವ ಮಿಶ್ರಣವನ್ನು ಹಾಗೆಯೇ ಒಳಗೆ ತರಬಾರದು. ಮಾಧ್ಯಮವನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀರು ಬಸಿದ ಮೇಲೆ ಇದರಲ್ಲಿ ಎಷ್ಟು ಗಾಳಿ ಉಳಿಯುತ್ತದೆ?

ಕುಂಡದ ಎತ್ತರದಿಂದ ಶುರುಮಾಡಿ

ಮಾಧ್ಯಮ ಕೊಳ್ಳುವ ಮೊದಲು ಯಾವ ಬೆಳೆ, ಯಾವ ಕುಂಡ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಅಗಲಕ್ಕಿಂತ ಎತ್ತರ ಮುಖ್ಯ. ನೀರು ಬಸಿದು ನಿಂತ ಮೇಲೂ ಪ್ರತಿಯೊಂದು ಕುಂಡದ ತಳದಲ್ಲಿ ಪೂರ್ತಿ ತೊಯ್ದ ಒಂದು ಪದರ ಉಳಿದೇ ಉಳಿಯುತ್ತದೆ. ಆ ಪದರದ ದಪ್ಪವನ್ನು ನಿರ್ಧರಿಸುವುದು ಮಾಧ್ಯಮದ ಕಣಗಳ ಗಾತ್ರವೇ ಹೊರತು ಕುಂಡದ ಎತ್ತರವಲ್ಲ. ಕಣ ಸಣ್ಣದಾದಷ್ಟೂ ಪದರ ದಪ್ಪ. ನುಣ್ಣನೆಯ ಮಾಧ್ಯಮದಲ್ಲಿ ಆ ಪದರ ನಾಲ್ಕು ಅಂಗುಲ ಇದೆ ಎಂದಿಟ್ಟುಕೊಳ್ಳಿ. ಹನ್ನೆರಡು ಅಂಗುಲದ ಗ್ರೋ ಬ್ಯಾಗ್‌ನಲ್ಲಿ ಮೇಲಿನ ಎಂಟು ಅಂಗುಲ ಬೇರಿಗೆ ಸಿಗುತ್ತದೆ. ಐದು ಅಂಗುಲದ ಟ್ರೇನಲ್ಲಿ ಸಿಗುವುದು ಒಂದೇ ಅಂಗುಲ.

ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತಷ್ಟು ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರವೊಂದೇ ಬದಲಾದದ್ದು.

ಇದರಿಂದ ಎರಡು ಮಾತು ಹೊರಡುತ್ತವೆ. ಕೊತ್ತಂಬರಿ, ಮೆಂತ್ಯ, ಪಾಲಕ್, ಲೆಟ್ಯೂಸ್ ಬೆಳೆಯುವ ತಗ್ಗು ಟ್ರೇಗಳಿಗೇ ಹೆಚ್ಚು ಒರಟಾದ ಮಿಶ್ರಣ ಬೇಕು, ಎತ್ತರದ ಕುಂಡದಲ್ಲಿರುವ ಟೊಮ್ಯಾಟೊ ಮತ್ತು ಮೆಣಸಿನಕಾಯಿ ಗಿಡಗಳಿಗೆ ಸ್ವಲ್ಪ ನಯವಾದದ್ದಾದರೂ ನಡೆಯುತ್ತದೆ. ರೂಢಿಯಲ್ಲಿರುವುದು ಇದಕ್ಕೆ ತದ್ವಿರುದ್ಧ. ಇನ್ನೊಂದು, ಕುಂಡದ ತಳದಲ್ಲಿ ಜಲ್ಲಿ ಅಥವಾ ಹೆಂಚಿನ ಚೂರು ಹಾಸುವ ಹಳೆಯ ಪದ್ಧತಿಯಿಂದ ಬಸಿಯುವಿಕೆ ಸುಧಾರಿಸುವುದಿಲ್ಲ. ತೊಯ್ದ ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಬೇರಿಗೆ ಸಿಗುವ ಜಾಗ ಇನ್ನಷ್ಟು ಕಡಿಮೆಯಾಗುತ್ತದೆ. ರಂಧ್ರದಿಂದ ಮಾಧ್ಯಮ ಹೊರಬೀಳದಿರಲು ಒಂದು ತುಂಡು ಸೊಳ್ಳೆ ಜಾಲರಿ ಸಾಕು.

ನಿಮ್ಮ ನೀರನ್ನು ಅಳೆಯಿರಿ

ಮಣ್ಣು ತಪ್ಪುಗಳನ್ನು ತಾಳಿಕೊಳ್ಳುತ್ತದೆ, ಮಣ್ಣಿಲ್ಲದ ಮಾಧ್ಯಮಕ್ಕೆ ಆ ತಾಳಿಕೆ ಇಲ್ಲ. ನೀರಿನಲ್ಲಿರುವುದೆಲ್ಲ ನೇರವಾಗಿ ಬೇರಿಗೆ ಹೋಗುತ್ತದೆ. ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ, ಆರ್‌ಒ ಯಂತ್ರದ ರಿಪೇರಿಯವರ ಬಳಿ ಇರುವ ಪುಟ್ಟ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದನ್ನು ಕೊಂಡಿಡಿ. ಸಾಮಾನ್ಯ ಮೀಟರ್‌ಗಳಲ್ಲಿ ತೋರಿಸುವ ಪಿಪಿಎಂ ಅಂಕಿಯನ್ನು 500ರಿಂದ ಭಾಗಿಸಿದರೆ ಇಸಿ, ಅಂದರೆ ವಿದ್ಯುತ್ ವಾಹಕತೆ, ಸೆಂಟಿಮೀಟರಿಗೆ ಮಿಲಿಸೀಮೆನ್ಸ್ ಲೆಕ್ಕದಲ್ಲಿ ಸಿಗುತ್ತದೆ. ಮುಂದೆ ನಾನು ಬರಿದೇ ಇಸಿ ಎಂದು ಬರೆದಿರುವುದು ಈ ಅಂಕಿಯನ್ನೇ.

ನೀರಿನ ಇಸಿ 0.5ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. 0.5ರಿಂದ 1ರವರೆಗೆ ನಿಭಾಯಿಸಬಹುದು. ಅದಕ್ಕೂ ಮೇಲಿದ್ದರೆ ಮಳೆನೀರನ್ನೋ ಆರ್‌ಒ ನೀರನ್ನೋ ಬೆರೆಸಿ ಇಳಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಿಗೂ ಕೊಳವೆಬಾವಿಯನ್ನೇ ನಂಬಿದ ಬಡಾವಣೆಗಳಿಗೂ ಇಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಬಕೆಟ್ಟಿನ ಒಳಮೈಗೆ, ಗೀಸರ್‌ನ ಸುರುಳಿಗೆ ಬಿಳಿ ಪೊರೆ ಕಟ್ಟುವ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿರುತ್ತದೆ. ಅದು ಮಾಧ್ಯಮದ ರಸಸಾರವನ್ನು, ಅಂದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಅನ್ನು, ವಾರದಿಂದ ವಾರಕ್ಕೆ ಮೇಲಕ್ಕೆ ತಳ್ಳುತ್ತದೆ. ರಸಸಾರ 7 ದಾಟಿದರೆ ಕಬ್ಬಿಣದ ಅಂಶ ಕುಂಡದಲ್ಲಿದ್ದೂ ಗಿಡಕ್ಕೆ ಸಿಗುವುದಿಲ್ಲ, ಎಳೆಯ ಎಲೆಗಳ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಆರ್‌ಒ ಯಂತ್ರ ಹೊರಹಾಕುವ ತ್ಯಾಜ್ಯನೀರನ್ನು ಗಿಡಗಳಿಗೆ ಹಾಕುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ನೀರನ್ನು ಉಳಿಸಬೇಕೆಂಬ ಆ ಕಾಳಜಿ ದೊಡ್ಡದು. ಆದರೆ ಶುದ್ಧ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು ಬಳಸಿ, ಮಣ್ಣಿಲ್ಲದ ಕುಂಡಕ್ಕೆ ಹಾಕಬೇಡಿ.

ಯಾವ ಮಾಧ್ಯಮ, ಯಾವ ಗುಣ

*ಕೋಕೋಪೀಟ್.* ತೆಂಗಿನ ಸಿಪ್ಪೆಯಿಂದ ನಾರು ತೆಗೆದಾಗ ಉದುರುವ ಪುಡಿ. ನಮ್ಮಲ್ಲಿ ತುಮಕೂರು, ಹಾಸನದ ಕಡೆಯ ನಾರಿನ ಘಟಕಗಳಿಂದ, ಆಚೆ ಪೊಳ್ಳಾಚಿಯಿಂದ ಬರುತ್ತದೆ. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ, ರಸಸಾರ 5.5ರಿಂದ 6.5ರ ಆಸುಪಾಸಿನಲ್ಲಿರುತ್ತದೆ, ಬೇಗ ಕೊಳೆಯುವುದಿಲ್ಲ. ಬೆಲೆ, ಲಭ್ಯತೆ, ಗುಣ ಮೂರನ್ನೂ ನೋಡಿದರೆ ನಮಗೆ ಇದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದೋಷಗಳು ಎರಡು. ನುಣ್ಣನೆಯ ಪುಡಿ ಒಂಟಿಯಾಗಿ ಒಳಾಂಗಣಕ್ಕೆ ತೀರಾ ತೇವ. ಜೊತೆಗೆ ಅದರ ಮೈಯಲ್ಲಿ ಪೊಟ್ಯಾಸಿಯಂ ಮತ್ತು ಸೋಡಿಯಂ ಅಂಟಿಕೊಂಡಿರುತ್ತವೆ. ಹಿನ್ನೀರಿನ ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯದಾದರೆ ಸೋಡಿಯಂ ಇನ್ನೂ ಹೆಚ್ಚು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಪುಡಿಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ‘ಅರ್ಕಾ ಫರ್ಮೆಂಟೆಡ್ ಕೋಕೋಪೀಟ್’ ಎಂಬ ಮಾಧ್ಯಮವನ್ನು ರೂಪಿಸಿದೆ. ಮಣ್ಣಿಲ್ಲದೆ ತರಕಾರಿ ಬೆಳೆಯುವವರಿಗೆಂದು ‘ಅರ್ಕಾ ಸಸ್ಯ ಪೋಷಕ ರಸ’ ಎಂಬ ದ್ರವ ಪೋಷಕವನ್ನೂ ಅದೇ ಸಂಸ್ಥೆ ಅಭಿವೃದ್ಧಿಪಡಿಸಿದೆ. ತೊಳೆದು ಹದ ಮಾಡುವ ಕೆಲಸಕ್ಕೆ ಬಿಡುವಿಲ್ಲದವರು ಇಲ್ಲಿಂದ ಆರಂಭಿಸುವುದು ಒಳ್ಳೆಯದು.

*ಪರ್ಲೈಟ್.* ಜ್ವಾಲಾಮುಖಿಯ ಗಾಜಿನಂಥ ಶಿಲೆಯನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅರಳಿನಂತೆ ಉಬ್ಬುವ ಬಿಳಿ ಕಾಳು. ಪೋಷಕಾಂಶ ಹಿಡಿಯುವುದಿಲ್ಲ, ಕೊಡುವುದೂ ಇಲ್ಲ. ಇದರ ಕೆಲಸ ಗಾಳಿಗೆ ಜಾಗ ಮಾಡುವುದು. 3ರಿಂದ 6 ಮಿಲಿಮೀಟರ್ ಗಾತ್ರದ ದಪ್ಪ ಕಾಳನ್ನೇ ಕೇಳಿ ಪಡೆಯಿರಿ, ಪುಡಿ ಪರ್ಲೈಟ್ ರಂಧ್ರ ತುಂಬಿ ಕೆಲಸ ಕೆಡಿಸುತ್ತದೆ. ಚೀಲ ಬಿಚ್ಚುವ ಮೊದಲು ಒಳಗೆ ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ. ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

*ವರ್ಮಿಕ್ಯುಲೈಟ್.* ಅಭ್ರಕದಂತೆ ಪದರ ಪದರವಾಗಿರುವ ಖನಿಜ. ನೀರನ್ನೂ ಪೋಷಕಾಂಶವನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಬೀಜ ಮೊಳೆಸಲು ಬಹಳ ಒಳ್ಳೆಯದು. ಆದರೆ ಬೆರಳಲ್ಲಿ ಹಿಸುಕಿದರೆ ಅಪ್ಪಚ್ಚಿಯಾಗುತ್ತದೆ, ತಿಂಗಳುಗಟ್ಟಲೆ ಇರುವ ಕುಂಡದಲ್ಲಿ ಕುಸಿದು ಕೂರುತ್ತದೆ. ಸಸಿ ಎಬ್ಬಿಸುವ ಗುಳಿಗಳ ಟ್ರೇಗಷ್ಟೇ (ಪ್ರೋಟ್ರೇ) ಇರಲಿ.

*ಕಪ್ಪಗೆ ಸುಟ್ಟ ಭತ್ತದ ಹೊಟ್ಟು.* ಗಂಗಾವತಿ, ಸಿಂಧನೂರಿನ ಕಡೆಯ ಅಕ್ಕಿ ಗಿರಣಿಗಳ ಸುತ್ತ ಹೊಟ್ಟು ಹೇರಳ. ಕಡಿಮೆ ಗಾಳಿಯಲ್ಲಿ ಅರೆಬರೆ ಸುಟ್ಟು ಕಪ್ಪಗಾದ, ಆಕಾರ ಕೆಡದ ಹೊಟ್ಟು ಪರ್ಲೈಟ್‌ಗೆ ಅಗ್ಗದ ಪರ್ಯಾಯ. ಪೂರ್ತಿ ಉರಿದು ಬೆಳ್ಳಗಾದ ಬೂದಿ ಬೇಡ, ಅದು ರಂಧ್ರ ಮುಚ್ಚುತ್ತದೆ, ರಸಸಾರವನ್ನೂ ಏರಿಸುತ್ತದೆ. ಕಪ್ಪು ಹೊಟ್ಟಿಗೂ ಸ್ವಲ್ಪ ಕ್ಷಾರಗುಣವಿದೆ, ಎರಡು ಸಲ ತೊಳೆದು ಬಳಸಿ. ಮಿಶ್ರಣದ ಐದನೇ ಒಂದು ಪಾಲು ಮೀರದಿರಲಿ.

*ತೆಂಗಿನ ಸಿಪ್ಪೆಯ ಚೂರು.* ಪುಡಿಯಲ್ಲ, ಅರ್ಧ ಅಂಗುಲದಷ್ಟು ಕತ್ತರಿಸಿದ ತುಂಡು. ಪರ್ಲೈಟ್ ದುಬಾರಿ ಎನ್ನಿಸಿದರೆ ಇದನ್ನು ಧಾರಾಳವಾಗಿ ಬಳಸಬಹುದು. ಕೋಕೋಪೀಟ್‌ನಂತೆಯೇ ತೊಳೆದು ಹದ ಮಾಡಬೇಕು.

ಕಾಯಿಸಿ ಉಬ್ಬಿಸಿದ ಜೇಡಿಮಣ್ಣಿನ ಗುಂಡುಗಳು ಪೋಷಕ ದ್ರಾವಣ ಸದಾ ಹರಿಯುವ ಹೈಡ್ರೋಪೋನಿಕ್ಸ್ ವ್ಯವಸ್ಥೆಗೆ ಸರಿ, ಕೈಯಿಂದ ನೀರು ಹಾಕುವ ಕುಂಡಕ್ಕೆ ಬೇಗ ಒಣಗುತ್ತವೆ. 1960ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್‌ನಲ್ಲಿ ತೋಟಗಾರಿಕೆಗೆ ಬಂದ ರಾಕ್‌ವೂಲ್ ಯುರೋಪಿನ ಹಸಿರುಮನೆಗಳಲ್ಲಿ ಚೆನ್ನಾಗಿ ದುಡಿಯುತ್ತದೆ. ಕರಗಿಸಿದ ಬಸಾಲ್ಟ್ ಶಿಲೆಯನ್ನು ಎಳೆಯಾಗಿಸಿ ಮಾಡಿದ ಅದು ಬಳಸಿದ ಮೇಲೆ ಕೊಳೆಯುವುದಿಲ್ಲ, ಎಲ್ಲಿ ಎಸೆಯುವುದೆಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಉತ್ತರವಿಲ್ಲ. ಸಾವಿರಾರು ವರ್ಷಗಳಲ್ಲಿ ಕೂಡಿಬಂದ ಜೌಗು ನೆಲವನ್ನು ಅಗೆದು ತೆಗೆಯುವ ಪೀಟ್ ಮಾಸ್ ಅನ್ನು ತೆಂಗಿನ ನಾಡಿನಲ್ಲಿದ್ದುಕೊಂಡು ಆಮದು ಮಾಡಿ ತರುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಮರದ ಹಸಿ ಹೊಟ್ಟು ಬೇಡವೇ ಬೇಡ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಹಾಕಿದ ಸಾರಜನಕವನ್ನು ತಾವೇ ತಿಂದುಬಿಡುತ್ತವೆ.

ಎರೆಗೊಬ್ಬರದ ಬಗ್ಗೆ ಭಿನ್ನಾಭಿಪ್ರಾಯ ಬರಬಹುದು. ತಾರಸಿಯಲ್ಲಿ ಅದು ಅಮೃತ. ಮನೆಯೊಳಗಿನ ಕುಂಡದಲ್ಲಿ ಅದು ನುಣ್ಣನೆಯ ಕಣಗಳಿಂದ ಗಾಳಿಯ ದಾರಿ ಮುಚ್ಚುತ್ತದೆ, ಸದಾ ತೇವವಿರುವ ಮೇಲ್ಪದರದಲ್ಲಿ ಕಪ್ಪು ಗುಂಗಾಡುಗಳು ಮೊಟ್ಟೆಯಿಡಲು ಕರೆಕೊಟ್ಟಂತಾಗುತ್ತದೆ. ಬಿಡಲಾರದವರು ನೂರಕ್ಕೆ ಹತ್ತು ಪಾಲಿನೊಳಗೆ ನಿಲ್ಲಿಸಿ.

ಕೊಂಡು ತಂದ ಕೋಕೋಪೀಟ್ ಪರೀಕ್ಷೆ

ಲಾಲ್‌ಬಾಗ್ ಬಳಿಯ ಸಿದ್ದಾಪುರದ ನರ್ಸರಿ ಸಾಲಿನಲ್ಲೇ ಕೊಳ್ಳಿ, ಆನ್‌ಲೈನ್‌ನಲ್ಲೇ ತರಿಸಿ, ಚೀಟಿಯ ಮೇಲೆ ‘ತೊಳೆದದ್ದು’ ಎಂದಿದ್ದರೂ ಒಮ್ಮೆ ಅಳೆದು ನೋಡಿ. ಒತ್ತಿ ಇಟ್ಟಿಗೆಯಂತೆ ಮಾಡಿ ಮಾರುವ ಕೋಕೋಪೀಟ್‌ನ ಒಂದು ತುಂಡನ್ನು ಆರ್‌ಒ ನೀರಿನಲ್ಲಿ ಅರಳಿಸಿ, ಹಿಂಡಿದರೆ ಒಂದೆರಡು ಹನಿಯಷ್ಟೇ ಬೀಳುವ ಹದಕ್ಕೆ ತನ್ನಿ. ಅದರಿಂದ ಒಂದು ಲೋಟ ಅಳೆದು, ಒಂದೂವರೆ ಲೋಟ ಆರ್‌ಒ ನೀರು ಸೇರಿಸಿ ಕಲಕಿ ಅರ್ಧ ಗಂಟೆ ಬಿಡಿ. ಬಟ್ಟೆಯಲ್ಲಿ ಸೋಸಿ ಆ ನೀರಿನ ಇಸಿ ನೋಡಿ, ಬಳಸಿದ ನೀರಿನದೇ ಇಸಿಯನ್ನು ಅದರಿಂದ ಕಳೆಯಿರಿ. 0.5ರೊಳಗಿದ್ದರೆ ಒಳ್ಳೆಯ ಮಾಲು. 1ರವರೆಗಿದ್ದರೆ ಎರಡು ಮೂರು ಸಲ ತೊಳೆಯಬೇಕು. ಅದಕ್ಕೂ ಮೀರಿದರೆ ಅಂಗಡಿ ಬದಲಿಸಿ.

ಕೈಯಿಂದಲೂ ಒಂದಿಷ್ಟು ತಿಳಿಯುತ್ತದೆ. ಚೆನ್ನಾದ ಕೋಕೋಪೀಟ್‌ನಲ್ಲಿ ಸಾಸಿವೆ ಕಾಳಿನಷ್ಟು ಕಣಗಳು, ನಡುನಡುವೆ ಚಿಕ್ಕ ನಾರಿನ ಎಳೆಗಳು ಬೆರಳಿಗೆ ಸಿಗುತ್ತವೆ. ಕಾಫಿ ಪುಡಿಯಷ್ಟು ನುಣ್ಣಗಿದ್ದರೆ ಅದು ಹಳೆಯ, ಅತಿಯಾಗಿ ಪುಡಿಯಾದ ಮಾಲು. ಹುಳಿ ವಾಸನೆ ಬಂದರೆ ಹಿಂದಿರುಗಿಸಿ.

ತೊಳೆಯುವುದು, ಹದ ಮಾಡುವುದು

ತೊಳೆಯುವುದರಿಂದ ಹೋಗುವುದು ನೀರಿನಲ್ಲಿ ಕರಗಿದ ಉಪ್ಪು ಮಾತ್ರ. ಕಣಗಳ ಮೈಗೆ ಅಂಟಿದ ಪೊಟ್ಯಾಸಿಯಂ, ಸೋಡಿಯಂ ಅಲ್ಲಿಯೇ ಕೂತಿರುತ್ತವೆ. ನೀವು ಗಿಡಕ್ಕೆಂದು ಹಾಕಿದ ಕ್ಯಾಲ್ಸಿಯಂ ಅನ್ನು ಆ ಕಣಗಳು ತಮ್ಮತ್ತ ಎಳೆದುಕೊಂಡು, ಬದಲಿಗೆ ಪೊಟ್ಯಾಸಿಯಂ ಬಿಡುತ್ತವೆ. ಪರಿಣಾಮವಾಗಿ ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ, ಲೆಟ್ಯೂಸ್‌ನ ಎಳೆ ಎಲೆಯ ಅಂಚು ಸುಡುತ್ತದೆ. ಆದ್ದರಿಂದ ನಾಟಿಗೆ ಮೊದಲೇ ಕಣಗಳಿಗೆ ಹೊಟ್ಟೆ ತುಂಬ ಕ್ಯಾಲ್ಸಿಯಂ ಉಣಿಸಬೇಕು.

1. ಐದು ಕಿಲೋ ಕೋಕೋಪೀಟ್ ಇಟ್ಟಿಗೆಯನ್ನು ದೊಡ್ಡ ಟಬ್‌ನಲ್ಲಿಟ್ಟು 25ರಿಂದ 30 ಲೀಟರ್ ನೀರು ಹಾಕಿ. ಅರಳಿ 70 ಲೀಟರಿನಷ್ಟು ಮಾಧ್ಯಮವಾಗುತ್ತದೆ.
2. ಗೋಣಿಚೀಲಕ್ಕೋ ಹಳೆಯ ದಿಂಬಿನ ಚೀಲಕ್ಕೋ ತುಂಬಿ, ನೀರು ಹಾಯಿಸುತ್ತಾ ಹಿಂಡಿ. ಹೊರಬರುವ ನೀರಿನ ಇಸಿ ನಿಮ್ಮ ನಲ್ಲಿ ನೀರಿನ ಹತ್ತಿರಕ್ಕೆ ಬರುವವರೆಗೆ ಮುಂದುವರಿಸಿ. ಕಂದು ಬಣ್ಣ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.
3. ಸುಮಾರು 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನು 30 ಲೀಟರ್ ನೀರಿನಲ್ಲಿ ಕರಗಿಸಿ, ಅದರಲ್ಲಿ ರಾತ್ರಿಯಿಡೀ ನೆನೆಯಲು ಬಿಡಿ.
4. ಬೆಳಿಗ್ಗೆ ಬಸಿದು, ಸಾದಾ ನೀರಿನಲ್ಲಿ ಒಮ್ಮೆ ತೊಳೆದು ಹಿಂಡಿ. ಆ ಬಸಿನೀರನ್ನು ತೆಂಗಿನ ಅಥವಾ ಹೂವಿನ ಗಿಡದ ಬುಡಕ್ಕೆ ಹಾಕಬಹುದು.

ಬೆರೆಸುವ ಪ್ರಮಾಣ

ಇಲ್ಲಿರುವುದೆಲ್ಲ ಅಳತೆಯ ಪಾಲು, ತೂಕದ್ದಲ್ಲ. ಬೀಜ ಮೊಳೆಸಲು ಮೂರು ಪಾಲು ಕೋಕೋಪೀಟ್‌ಗೆ ಒಂದೊಂದು ಪಾಲು ವರ್ಮಿಕ್ಯುಲೈಟ್ ಮತ್ತು ಪರ್ಲೈಟ್. ಎಂಟರಿಂದ ಹನ್ನೆರಡು ಅಂಗುಲ ಎತ್ತರದ ಕುಂಡದ ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಬದನೆಗೆ ಆರು ಪಾಲು ಕೋಕೋಪೀಟ್, ಮೂರು ಪಾಲು ಪರ್ಲೈಟ್, ಒಂದು ಪಾಲು ಸುಟ್ಟ ಹೊಟ್ಟು. ಆರು ಅಂಗುಲಕ್ಕಿಂತ ತಗ್ಗಾದ ಸೊಪ್ಪಿನ ಟ್ರೇಗೆ ಅರ್ಧ ಕೋಕೋಪೀಟ್, ಉಳಿದರ್ಧ ಪರ್ಲೈಟ್ ಮತ್ತು ಸಿಪ್ಪೆಯ ಚೂರು.

ಈ ಪ್ರಮಾಣಗಳನ್ನು ನಿಮ್ಮ ಕೈಗೆ ತಕ್ಕಂತೆ ಬದಲಿಸಿಕೊಳ್ಳಿ. ದಿನಕ್ಕೆರಡು ಸಲ ಗಿಡ ನೋಡಿ ಪ್ರತಿ ಸಲವೂ ಚೊಂಬು ನೀರು ಸುರಿಯದಿದ್ದರೆ ಸಮಾಧಾನವಾಗದವರು ಒರಟು ಪಾಲನ್ನು ಹೆಚ್ಚಿಸಿ. ವಾರಕ್ಕೆ ನಾಲ್ಕು ದಿನ ಊರಲ್ಲಿಲ್ಲದವರು ಕೋಕೋಪೀಟ್ ಹೆಚ್ಚಿಸಿ, ಎತ್ತರದ ಕುಂಡ ಆರಿಸಿ.

ಗಾಳಿಯ ಪಾಲನ್ನು ಅಳೆಯುವ ಪರೀಕ್ಷೆ

ಅಳೆದು ನೋಡದೆ ನಾಟಿ ಮಾಡಬೇಡಿ. ನೀವು ನಿಜವಾಗಿ ಬಳಸುವ ಕುಂಡದಲ್ಲೇ ಈ ಪರೀಕ್ಷೆ ಮಾಡಬೇಕು, ಎತ್ತರ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ತಳದ ರಂಧ್ರಗಳಿಗೆ ಅಂಟುಪಟ್ಟಿ ಬಿಗಿದು, ಕುಂಡದಲ್ಲಿ ಅಂಚಿನವರೆಗೆ ಹಿಡಿಯುವ ನೀರನ್ನು ಅಳೆದು ಬರೆದಿಟ್ಟುಕೊಳ್ಳಿ. ನೀರು ಚೆಲ್ಲಿ, ತೇವದ ಮಿಶ್ರಣವನ್ನು ಅಂಚಿನವರೆಗೆ ತುಂಬಿ, ಕುಂಡವನ್ನು ಎರಡು ಸಲ ನೆಲಕ್ಕೆ ತಟ್ಟಿ. ಕೈಯಿಂದ ಒತ್ತಬೇಡಿ. ಈಗ ಒಂದು ಬದಿಯಿಂದ ನಿಧಾನವಾಗಿ ನೀರು ಹಾಕುತ್ತಾ ಮೇಲ್ಮೈ ಮಿನುಗುವವರೆಗೆ ತುಂಬಿಸಿ. ಒಂದು ಗಂಟೆ ಬಿಟ್ಟು, ಇಳಿದಿದ್ದರೆ ಮತ್ತೆ ತುಂಬಿಸಿ. ಕುಂಡವನ್ನು ಬೇಸಿನ್ ಮೇಲೆ ಎತ್ತಿ ಅಂಟುಪಟ್ಟಿ ಕೀಳಿ. ಅರ್ಧ ಗಂಟೆಯಲ್ಲಿ ಬಸಿದ ನೀರೆಷ್ಟೋ ಆ ಮಾಧ್ಯಮದಲ್ಲಿ ಗಾಳಿಗೆ ಸಿಗುವ ಜಾಗ ಅಷ್ಟು.

ಕುಂಡ 3 ಲೀಟರಿನದಾಗಿ 300 ಮಿಲಿಲೀಟರ್ ಬಸಿದರೆ ಗಾಳಿಯ ಪಾಲು ನೂರಕ್ಕೆ ಹತ್ತು. ತಾರಸಿಯಲ್ಲಿ ಸಾಕಾಗಬಹುದು, ಒಳಗೆ ಸಾಲದು. 600ರಿಂದ 900 ಮಿಲಿಲೀಟರ್, ಅಂದರೆ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಬಂದರೆ ಮಿಶ್ರಣ ಹದವಾಗಿದೆ. ಕಡಿಮೆ ಬಂದರೆ ಪರ್ಲೈಟ್ ಅಥವಾ ಚೂರು ಸೇರಿಸಿ ಮತ್ತೆ ಅಳೆಯಿರಿ.

ನಾಟಿಯ ನಂತರ

ಈ ಮಾಧ್ಯಮಗಳಲ್ಲಿ ಗಿಡಕ್ಕೆ ಬೇಕಾದಷ್ಟು ಆಹಾರವಿಲ್ಲ, ನೀರಿನ ಜೊತೆಯಲ್ಲೇ ಕೊಡಬೇಕು. ಎಲ್ಲ ಗೊಬ್ಬರದಂಗಡಿಗಳಲ್ಲಿ ಸಿಗುವ, ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವೊಂದನ್ನೇ ನಂಬಬೇಡಿ. ಅದರಲ್ಲಿರುವ ಸಾರಜನಕದ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದು, ಸೂಕ್ಷ್ಮಜೀವಿಗಳು ಕಡಿಮೆಯಿರುವ ಹೊಸ ಮಾಧ್ಯಮದಲ್ಲಿ ಅದು ಗಿಡಕ್ಕೆ ಬೇಗ ಒದಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಇಲ್ಲವೇ ಇಲ್ಲ. ಹೈಡ್ರೋಪೋನಿಕ್ಸ್‌ಗೆಂದು ತಯಾರಾದ ಎರಡು ಭಾಗದ ಪೋಷಕ ಒಳ್ಳೆಯದು. ಅದರ ಎರಡು ಭಾಗಗಳನ್ನು ನೀರಿನಲ್ಲಿ ತೆಳುಗೊಳಿಸುವ ಮೊದಲು ಒಂದಕ್ಕೊಂದು ಬೆರೆಸಬೇಡಿ, ಒಂದರಲ್ಲಿರುವ ಕ್ಯಾಲ್ಸಿಯಂ ಇನ್ನೊಂದರಲ್ಲಿರುವ ಸಲ್ಫೇಟ್, ಫಾಸ್ಫೇಟ್‌ಗಳ ಜೊತೆ ಸೇರಿ ಸುಣ್ಣದಂತೆ ತಳಕ್ಕೆ ಕೂರುತ್ತದೆ.

ಸಸಿಗಳಿಗೆ ಇಸಿ 0.6ರಿಂದ 0.8, ಸೊಪ್ಪಿಗೆ 1.2ರಿಂದ 1.6, ಕಾಯಿ ಕಚ್ಚಿದ ಟೊಮ್ಯಾಟೊಗೆ 2ರಿಂದ 2.5. ರಸಸಾರ 5.8ರಿಂದ 6.3ರ ನಡುವೆ ಇರಲಿ. ಪ್ರತಿ ಸಲ ಹಾಕಿದ ನೀರಿನ ಹತ್ತನೇ ಒಂದು ಪಾಲಾದರೂ ತಳದಿಂದ ಹೊರಬರಬೇಕು, ಹೊರಬಂದದ್ದು ತಟ್ಟೆಯಲ್ಲಿ ನಿಲ್ಲದಂತೆ ಚೆಲ್ಲಬೇಕು. ವಾರಕ್ಕೊಮ್ಮೆ ಆ ಬಸಿನೀರಿನ ಇಸಿ ನೋಡಿ. ನೀವು ಹಾಕಿದ್ದಕ್ಕಿಂತ 1ರಷ್ಟು ಹೆಚ್ಚಿದ್ದರೆ ಉಪ್ಪು ಕೂಡುತ್ತಿದೆ ಎಂದರ್ಥ, ತೆಳುವಾದ ಪೋಷಕ ನೀರನ್ನು ಧಾರಾಳವಾಗಿ ಹಾಯಿಸಿ ತೊಳೆಯಿರಿ.

ನೀರು ಯಾವಾಗ ಹಾಕಬೇಕೆಂದು ಮೇಲ್ಪದರ ಮುಟ್ಟಿ ತಿಳಿಯಲಾಗುವುದಿಲ್ಲ. ಕೋಕೋಪೀಟ್ ಮೇಲೆ ಒಣಗಿ ತಿಳಿಬಣ್ಣಕ್ಕೆ ತಿರುಗಿದರೂ ಒಳಗೆ ತೊಯ್ದಿರುತ್ತದೆ. ಕುಂಡ ಎತ್ತಿ ತೂಕ ನೋಡಿ. ನೀರು ಹಾಕಿ ಬಸಿದ ಮೇಲಿನ ತೂಕದ ಮೂರನೇ ಎರಡರಷ್ಟಕ್ಕೆ ಇಳಿದಾಗ ಹಾಕಿದರೆ ಸರಿ. ಪೂರ್ತಿ ಒಣಗಲು ಬಿಟ್ಟರೆ ಕೋಕೋಪೀಟ್ ಕುಗ್ಗಿ ಕುಂಡದ ಅಂಚಿನಲ್ಲಿ ಬಿರುಕು ಬಿಡುತ್ತದೆ, ಹಾಕಿದ ನೀರು ಬೇರನ್ನು ಮುಟ್ಟದೆ ಆ ಬಿರುಕಿನಲ್ಲೇ ಜಾರಿಹೋಗುತ್ತದೆ. ಹಾಗಾದರೆ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಳಿಬಿಟ್ಟು ಮತ್ತೆ ತೋಯಿಸಿ, ಪೂರ್ತಿ ಬಸಿಯಲು ಬಿಡಿ.

ಬೆಳೆ ಮುಗಿದ ಮೇಲೆ

ರೋಗ ಬಾರದ ಮಾಧ್ಯಮವನ್ನು ಎರಡು ಮೂರು ಬೆಳೆಗೆ ಬಳಸಬಹುದು. ದಪ್ಪ ಬೇರುಗಳನ್ನು ಆರಿಸಿ ತೆಗೆದು, ಜರಡಿಯಲ್ಲಿ ನುಣ್ಣನೆಯ ಪುಡಿ ಕಳೆದು, ತೊಳೆದು, ಮೇಲೆ ಹೇಳಿದ್ದರ ಅರ್ಧ ಪ್ರಮಾಣದ ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ನೆನೆಸಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲು ಸಿಕ್ಕರೆ ತೇವದ ಮಾಧ್ಯಮವನ್ನು ತಾರಸಿಯಲ್ಲಿ ಅರ್ಧ ಅಡಿ ದಪ್ಪಕ್ಕೆ ಹರಡಿ, ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಆ ಶಾಖಕ್ಕೆ ಬಹುಪಾಲು ರೋಗಾಣು ಮತ್ತು ಗುಂಗಾಡಿನ ಮರಿಗಳು ಸಾಯುತ್ತವೆ. ಮರುಬಳಕೆಗೆ ಮೊದಲು ಗಾಳಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಪ್ರತಿ ಬೆಳೆಗೂ ಕಣಗಳು ಸವೆದು ಆ ಅಂಕಿ ಇಳಿಯುತ್ತದೆ. ಹೊಸ ಪರ್ಲೈಟ್ ಸೇರಿಸಿದ ಮೇಲೂ ನೂರಕ್ಕೆ ಹದಿನೈದು ಮುಟ್ಟದಿದ್ದರೆ ಆ ಮಾಧ್ಯಮವನ್ನು ತಾರಸಿಯ ಮಣ್ಣಿನ ಕುಂಡಗಳಿಗೆ ಬೆರೆಸಿಬಿಡಿ. ಬೇರುಕೊಳೆ ಕಂಡ ಕುಂಡದ್ದನ್ನು ಮಾತ್ರ ಯಾವ ಕುಂಡಕ್ಕೂ ಸೇರಿಸದೆ ಹೊರಗೆ ಹಾಕಿ.